ಬಂಪರ್‌ಗೆ ದುಡ್ಡಿದೆ, ಬ್ರೇಕಿಗೆ ಇಲ್ಲ: ಭಾರಿ ಫೋರ್‌ವೀಲ್ ಗಾಡಿಗಳ ಹೊರೆ ಕೊನೆಗೆ ಯಾರ ತಲೆಗೆ?

ಅಕ್ಟೋಬರ್ ದಾಟಿ ಬಿಸಿಲು ಸ್ವಲ್ಪ ಇಳಿಯಿತು ಅಂದ್ರೆ ಗಲ್ಫ್‌ನಲ್ಲಿ ಕ್ಯಾಂಪಿಂಗ್ ಸೀಸನ್ ಶುರು. ಗುರುವಾರ, ಶುಕ್ರವಾರ ಸಂಜೆ ಹೈವೇಯಲ್ಲಿ ನಿಂತು ನೋಡಿದರೆ ಸಾಕು. ತಲೆ ಮೇಲೆ ಟೆಂಟ್, ಮುಂದೆ ಕಬ್ಬಿಣದ ಬಂಪರ್, ಹಿಂದೆ ನೀರಿನ ಟ್ಯಾಂಕ್, ಒಳಗೆ ಮನೆಮಂದಿ. ಲ್ಯಾಂಡ್ ಕ್ರೂಸರ್, ಪ್ಯಾಟ್ರೋಲ್‌ಗಳು ಸಾಲುಸಾಲಾಗಿ ಮರುಭೂಮಿ ಕಡೆ ಓಡುತ್ತವೆ. ಆ ಸ್ಟಿಯರಿಂಗ್ ಹಿಡಿದವರಲ್ಲಿ ಎಷ್ಟೋ ಸಲ ಮಾಲೀಕ ಇರೋದಿಲ್ಲ, ಹೌಸ್ ಡ್ರೈವರ್ ಇರ್ತಾನೆ. ಆ ಬಂಪರ್ ಕೂರಿಸಿದವನು, ಲಿಫ್ಟ್ ಕಿಟ್ ಹಾಕಿದವನು ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲೋ, ಅಬುಧಾಬಿಯ ಮುಸಫ್ಫಾದಲ್ಲೋ, ಕುವೈತ್‌ನ ಶುವೈಖ್‌ನಲ್ಲೋ, ದೋಹಾ ಇಂಡಸ್ಟ್ರಿಯಲ್ ಏರಿಯಾದಲ್ಲೋ ದುಡಿಯುವ ಮೆಕ್ಯಾನಿಕ್. ಇವರಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾರವಾರ ಕಡೆಯ ನಮ್ಮವರೂ ಇದ್ದಾರೆ.

ಈ ಗಾಡಿಗಳ ಬ್ರೇಕ್ ಬಗ್ಗೆ ಈಗ ಮಾತಾಡಬೇಕಾದ ಕಾರಣ ಇದೆ. 2025ರಲ್ಲಿ ಎರಡು ದೇಶಗಳ ಟ್ರಾಫಿಕ್ ಕಾನೂನು ಬದಲಾಯಿತು. ಯುಎಇಯ ಹೊಸ ಫೆಡರಲ್ ಟ್ರಾಫಿಕ್ ಕಾನೂನು ಮಾರ್ಚ್ 29ರಂದು ಜಾರಿಗೆ ಬಂತು. ಕುವೈತ್‌ನಲ್ಲಿ 1976ರ ಹಳೇ ಕಾನೂನಿಗೆ ಮಾಡಿದ ತಿದ್ದುಪಡಿ ಏಪ್ರಿಲ್ 22ರಂದು ಜಾರಿಗೆ ಬಂತು. ಎರಡೂ ಕಡೆ ಶಿಕ್ಷೆ, ದಂಡ ಬಿಗಿಯಾಗಿವೆ. ಅಪಘಾತ ಆದಾಗ ಮೊದಲು ಕೇಳುವ ಪ್ರಶ್ನೆ "ಗಾಡಿ ಯಾರದ್ದು" ಅಂತಲ್ಲ, "ಓಡಿಸುತ್ತಿದ್ದವರು ಯಾರು" ಅಂತ. ಹೀಗಿರುವಾಗ ಗಾಡಿಯ ತೂಕ ಏರಿಸಿ ಬ್ರೇಕನ್ನು ಹಾಗೇ ಬಿಟ್ಟರೆ ಅದರ ಬಿಲ್ ಮಾಲೀಕನಿಗಿಂತ ಮೊದಲು ಡ್ರೈವರ್ ಕೈಗೆ ಬರುತ್ತದೆ. ಗಾಡಿಗೆ ದುಡ್ಡು ಹಾಕೋದಾದರೆ ಮೊದಲು ಬ್ರೇಕಿಗೆ ಹಾಕಬೇಕು, ಬ್ರೇಕ್ ಬಗ್ಗೆ ಹೇಳಿದ್ದೆಲ್ಲ ಬರಹದಲ್ಲಿ ಇರಬೇಕು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ತೂಕ ಏರಿದರೆ ಏನಾಗುತ್ತೆ

ದೊಡ್ಡ ಫೋರ್‌ವೀಲ್ ಗಾಡಿ ಖಾಲಿ ಇದ್ದಾಗಲೇ ಹತ್ತಿರ ಹತ್ತಿರ 2,700 ಕಿಲೋ ತೂಗುತ್ತದೆ. ಇದಕ್ಕೆ ಸ್ಟೀಲ್ ಬಂಪರ್ 70 ಕಿಲೋ, ವಿಂಚ್ 40, ರೂಫ್ ಟೆಂಟ್ 70 ಅಂದುಕೊಳ್ಳಿ. ನೂರು ಲೀಟರ್ ನೀರು ಅಂದರೆ ನೂರು ಕಿಲೋ. ಐದು ಜನ ದೊಡ್ಡವರು ಕೂತರೆ ಇನ್ನೊಂದು 350. ಒಟ್ಟು 600 ಕಿಲೋ ದಾಟಿತು. ಗಾಡಿ 3,300 ಕಿಲೋಗೆ ಬಂದು ನಿಂತಿತು. ಈ ವರ್ಗದ ಗಾಡಿಗಳ ಪೂರ್ಣಭಾರದ ಮಿತಿಯೇ ಸುಮಾರು 3,300ರಿಂದ 3,500 ಕಿಲೋ. ಅಂದರೆ ಅಡುಗೆ ಸಾಮಾನು, ಕಟ್ಟಿಗೆ, ಜನರೇಟರ್ ಹೇರುವ ಮೊದಲೇ ಮಿತಿಯ ಅಂಚಿಗೆ ಬಂದಾಗಿರುತ್ತದೆ.

ಬ್ರೇಕ್ ಮಾಡುವ ಕೆಲಸ ಒಂದೇ. ಓಡುತ್ತಿರುವ ಗಾಡಿಯ ಶಕ್ತಿಯನ್ನು ಬಿಸಿಯಾಗಿ ಮಾರ್ಪಡಿಸಿ ಗಾಳಿಗೆ ಬಿಡೋದು. ಆ ಶಕ್ತಿ ತೂಕ ಏರಿದಷ್ಟೇ ಏರುತ್ತದೆ, ವೇಗಕ್ಕೆ ಮಾತ್ರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಖಾಲಿ ಗಾಡಿ 100 ಕಿಲೋಮೀಟರ್ ವೇಗದಿಂದ ನಿಲ್ಲಬೇಕಾದರೆ ಬ್ರೇಕ್ ಸುಮಾರು 10 ಲಕ್ಷ ಜೂಲ್ ಬಿಸಿ ನುಂಗಬೇಕು. ತುಂಬಿದ ಗಾಡಿ 120ರಿಂದ ನಿಲ್ಲಬೇಕಾದರೆ 18 ಲಕ್ಷ ದಾಟುತ್ತದೆ. ತೂಕ ಏರಿದ್ದು ನೂರಕ್ಕೆ 22, ವೇಗ ಏರಿದ್ದು ನೂರಕ್ಕೆ 20, ಆದರೆ ಬ್ರೇಕ್ ಮೇಲಿನ ಹೊರೆ ಏರಿದ್ದು ನೂರಕ್ಕೆ 76. ಕಂಪನಿಯಿಂದ ಬಂದ ಅದೇ ಡಿಸ್ಕ್, ಅದೇ ಪ್ಯಾಡ್ ಇದನ್ನು ಒಮ್ಮೆ ತಡೆದುಕೊಳ್ಳುತ್ತದೆ, ಎರಡನೇ ಸಲವೂ ತಡೆಯಬಹುದು. ಒಂದರ ಹಿಂದೊಂದು ಜೋರು ಬ್ರೇಕ್ ಬಿದ್ದಾಗಲೇ ತೊಂದರೆ ಶುರು.

ಇದಕ್ಕೆ ದೊಡ್ಡ ಟಯರ್ ಸೇರಿಸಿ. ಲ್ಯಾಂಡ್ ಕ್ರೂಸರ್ 200ರಲ್ಲಿ ಸಾಮಾನ್ಯವಾಗಿ ಬರುವ 285/60 ಆರ್18 ಟಯರಿನ ವ್ಯಾಸ ಸುಮಾರು 800 ಮಿಲಿಮೀಟರ್. 35 ಇಂಚಿನ ಟಯರ್ ಹಾಕಿದರೆ 889. ವ್ಯಾಸ ನೂರಕ್ಕೆ 11 ಹೆಚ್ಚಾಯಿತು. ಪೆಡಲನ್ನು ಅಷ್ಟೇ ಒತ್ತಿದರೂ ರಸ್ತೆಗೆ ಸಿಗುವ ಹಿಡಿತ ನೂರಕ್ಕೆ ಹತ್ತರಷ್ಟು ಕಡಿಮೆಯಾಯಿತು. ಉದ್ದ ಹಿಡಿಯ ಬಾಗಿಲನ್ನು ಕೀಲಿನ ಹತ್ತಿರ ಹಿಡಿದು ನಿಲ್ಲಿಸಿದ ಹಾಗೆ.

ಇನ್ನೊಂದು ಸಂಗತಿಯನ್ನು ಡ್ರೈವರ್‌ಗಳು ಗಮನಿಸಬೇಕು. ಟಯರ್ ಬದಲಾಯಿಸಿ ಸ್ಪೀಡೋಮೀಟರ್ ಸರಿಪಡಿಸದಿದ್ದರೆ ಮೀಟರ್ ಕಡಿಮೆ ತೋರಿಸುತ್ತದೆ. ಮೀಟರ್‌ನಲ್ಲಿ 120 ಇದ್ದರೆ ಲೆಕ್ಕದ ಪ್ರಕಾರ ಗಾಡಿ 133ರ ಹತ್ತಿರ ಓಡುತ್ತಿರುತ್ತದೆ. ಕಂಪನಿ ಮೀಟರ್‌ಗಳು ಮೊದಲೇ ಸ್ವಲ್ಪ ಹೆಚ್ಚು ತೋರಿಸುವಂತೆ ಇರುತ್ತವೆ, ಅದನ್ನು ಕಳೆದರೂ ಗಾಡಿ ನೀವು ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಓಡುತ್ತಿರಬಹುದು. ಅಬುಧಾಬಿಯಲ್ಲಿ 2018ರಿಂದ 20 ಕಿಲೋಮೀಟರ್ ರಿಯಾಯಿತಿಯೂ ಇಲ್ಲ. ಕ್ಯಾಮೆರಾ ಫ್ಲ್ಯಾಶ್ ಆದಾಗ "ನಾನು 120ರಲ್ಲೇ ಇದ್ದೆ" ಅನ್ನೋದು ಯಾರೂ ಕೇಳುವ ಮಾತಲ್ಲ.

ಅಪಾಯ ಮರಳಲ್ಲಿ ಅಲ್ಲ, ಇಳಿಜಾರಿನಲ್ಲಿ

ಮರುಭೂಮಿಗೆ ಹೋಗ್ತೀವಿ ಅಂತ ದೊಡ್ಡ ಬ್ರೇಕ್ ಹಾಕಿಸುವವರು ಇದ್ದಾರೆ. ನಿಜ ಹೇಳಬೇಕೆಂದರೆ ಮರಳಲ್ಲಿ ಬ್ರೇಕಿಗೆ ಕೆಲಸ ಕಡಿಮೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮರಳೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳಿನ ಗೋಡೆ ಎದ್ದು ಗಾಡಿ ಹೂತು ಹೋಗುತ್ತದೆ. ಮರಳು ಓಡಿಸಿ ಪಳಗಿದವರಿಗೆ ಇದು ಗೊತ್ತು.

ಬ್ರೇಕಿನ ನಿಜವಾದ ಪರೀಕ್ಷೆ ಎರಡು ಕಡೆ. ಒಂದು, ಕ್ಯಾಂಪ್ ಮುಗಿಸಿ ಸುಸ್ತಾಗಿ ರಾತ್ರಿ ಹೈವೇಯಲ್ಲಿ ಮರಳುವಾಗ. ಡಿಸ್ಕ್ ಮೇಲೆ ಮರಳಿನ ಪುಡಿ ಕೂತಿರುತ್ತದೆ, ಗಾಡಿ ತುಂಬಿರುತ್ತದೆ, ಮುಂದಿನ ಗಾಡಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎರಡು, ಬೆಟ್ಟ ಇಳಿಯುವಾಗ. ರಾಸ್ ಅಲ್ ಖೈಮಾದ ಜೆಬೆಲ್ ಜೈಸ್, ಅಲ್ ಐನ್‌ನ ಜೆಬೆಲ್ ಹಫೀತ್, ಸೌದಿಯ ತಾಯಿಫ್‌ನಿಂದ ಇಳಿಯುವ ಅಲ್ ಹದಾ ರಸ್ತೆ, ಒಮಾನ್‌ನ ಜೆಬೆಲ್ ಅಖ್ದರ್. ಒಮಾನ್‌ನ ಈ ಬೆಟ್ಟಕ್ಕೆ ಬಿರ್ಕತ್ ಅಲ್ ಮೌಝ್ ಹತ್ತಿರ ಪೊಲೀಸ್ ಚೆಕ್‌ಪೋಸ್ಟ್ ಇದೆ, ಫೋರ್‌ವೀಲ್ ಗಾಡಿ ಅಲ್ಲದಿದ್ದರೆ ಮೇಲೆ ಬಿಡೋದಿಲ್ಲ. ಇಳಿಯುವ ದಾರಿಯಲ್ಲಿ ಬ್ರೇಕ್ ಹೋದ ಗಾಡಿಗಳು ನುಗ್ಗಿ ನಿಲ್ಲಲೆಂದೇ ಪಕ್ಕದಲ್ಲಿ ಏರು ದಾರಿಗಳನ್ನು ಮಾಡಿಟ್ಟಿದ್ದಾರೆ. ಸರ್ಕಾರವೇ ಇಷ್ಟು ತಯಾರಿ ಮಾಡಿಟ್ಟಿದೆ ಅಂದರೆ ಅಪಾಯ ಎಷ್ಟು ಅಂತ ಅರ್ಥ ಮಾಡಿಕೊಳ್ಳಿ.

ಇಲ್ಲೂ ಲೆಕ್ಕ ಸರಳ. 3,300 ಕಿಲೋ ಗಾಡಿ ಸಾವಿರ ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಮೂರು ಕೋಟಿ ಜೂಲ್‌ಗಿಂತ ಹೆಚ್ಚು. ಎಂಜಿನ್ ಹಿಡಿತ ಬಳಸದೆ ಬರೀ ಕಾಲಿನ ಬ್ರೇಕ್‌ನಲ್ಲೇ ಇಳಿದರೆ, 120 ವೇಗದಿಂದ ಪೂರ್ತಿ ನಿಲ್ಲಿಸುವ ಕೆಲಸವನ್ನು ಹದಿನೇಳು ಸಲ ಮಾಡಿದಷ್ಟು ಹೊರೆ. ಅದರಲ್ಲಿ ಒಂದು ಪಾಲನ್ನು ಗಾಳಿ, ಟಯರ್ ನುಂಗಿದರೂ ಉಳಿದಿದ್ದೆಲ್ಲ ಡಿಸ್ಕಿಗೆ. ಎಷ್ಟೇ ದುಬಾರಿ ಬ್ರೇಕ್ ಕಿಟ್ ಇದ್ದರೂ ಇದಕ್ಕೆ ಸುಸ್ತಾಗುತ್ತದೆ.

ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸಿ ಬಂದ ನಮ್ಮ ಡ್ರೈವರ್‌ಗಳಿಗೆ ಹಳೇ ಪಾಠ ಗೊತ್ತೇ ಇದೆ: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಇಲ್ಲಿ ಗಾಡಿ ಆಟೋಮ್ಯಾಟಿಕ್ ಅನ್ನೋ ಕಾರಣಕ್ಕೆ ಅದನ್ನು ಮರೆಯಬಾರದು. ಲಿವರನ್ನು ಮ್ಯಾನುವಲ್ ಕಡೆ ತಳ್ಳಿ ಎರಡಕ್ಕೋ ಒಂದಕ್ಕೋ ಇಳಿಸಿದರೆ ಎಂಜಿನ್ ಹಿಡಿಯುತ್ತದೆ. ಬ್ರೇಕನ್ನು ಸದಾ ಒತ್ತಿಟ್ಟುಕೊಳ್ಳದೆ, ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಡಬೇಕು. ಆ ಬಿಡುವಿನಲ್ಲಿ ಡಿಸ್ಕ್ ತಣ್ಣಗಾಗುತ್ತದೆ. ಇದಕ್ಕೆ ಒಂದು ದಿರ್ಹಂ ಖರ್ಚಿಲ್ಲ.

ಬ್ರೇಕ್ ಸೋಲುವ ಮುನ್ನ ಸೂಚನೆ ಕೊಡುತ್ತದೆ. ಪೆಡಲ್ ಗಟ್ಟಿಯಾಗಿದ್ದು ಗಾಡಿ ಮಾತ್ರ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿದು ಒಳಗೆ ಗುಳ್ಳೆ ಎದ್ದಿದೆ. ಎರಡನೆಯದು ಹೆಚ್ಚು ಅಪಾಯ. ಯಾವುದೇ ಆದರೂ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾಯಬೇಕು. ಕಾದ ಡಿಸ್ಕಿಗೆ ನೀರು ಸುರಿಯಬಾರದು, ಬಿರುಕು ಬಿಡಬಹುದು.

ಅಪ್‌ಗ್ರೇಡ್ ಅಂದರೆ ಕೆಂಪು ಕ್ಯಾಲಿಪರ್ ಒಂದೇ ಅಲ್ಲ

ಬ್ರೇಕ್ ಅಪ್‌ಗ್ರೇಡ್ ಅಂದ ತಕ್ಷಣ ಅಂಗಡಿಯವರು ತೋರಿಸೋದು ಆರು ಪಿಸ್ಟನ್ನಿನ ದೊಡ್ಡ ಕ್ಯಾಲಿಪರ್, ತೂತು ಕೊರೆದ ಹೊಳೆಯುವ ಡಿಸ್ಕ್. ಸಾವಿರಾರು ದಿರ್ಹಂ ಮಾತು. ಆದರೆ ಮಾಡಬೇಕಾದ ಕ್ರಮ ಕೆಳಗಿನಿಂದ ಮೇಲಕ್ಕೆ.

ಮೊದಲು ಬ್ರೇಕ್ ಆಯಿಲ್. ಎಲ್ಲಕ್ಕಿಂತ ಅಗ್ಗ, ಎಲ್ಲರೂ ಮರೆಯುವಂಥದ್ದು. ಈ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ತೇವ ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತಡೆಯಬೇಕು, ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ದುಬೈ, ದೋಹಾ, ದಮ್ಮಾಮ್ ಕಡಲ ತೀರದ ಆಗಸ್ಟ್ ತೇವ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಾಯಿಸಿ, ಏರ್ ತೆಗೆಸಿ. ಭಾರಿ ಗಾಡಿ, ಬೆಟ್ಟದ ಓಡಾಟ ಇದ್ದರೆ ವರ್ಷಕ್ಕೊಮ್ಮೆ. ಒಂದು ಎಚ್ಚರಿಕೆ: ಡಾಟ್ 5 ಅನ್ನೋದು ಸಿಲಿಕೋನ್ ಆಯಿಲ್, ಬೇರೆ ಜಾತಿ. ಇದನ್ನು ಡಾಟ್ 4 ಅಥವಾ 5.1ರ ಜೊತೆ ಬೆರೆಸಲೇಬಾರದು. ಹೆಸರು ಒಂದೇ ಥರ ಇರೋದರಿಂದ ಅಂಗಡಿಯಲ್ಲಿ ಎಡವಟ್ಟಾಗುವುದು ಇಲ್ಲೇ.

ಎರಡನೆಯದು ಪ್ಯಾಡ್. ಸೌದಿಯಲ್ಲಿ ಫಹಮಾತ್ ಅಂತಾರೆ, ಕುವೈತ್ ಕಡೆ ಸಫಾಯಫ್. ತುಂಬಿದ ಗಾಡಿಗೆ ಹೆಚ್ಚು ಬಿಸಿ ತಡೆಯುವ ಪ್ಯಾಡ್ ಬೇಕು. ಅನೇಕ ಪ್ಯಾಡ್‌ಗಳ ಅಂಚಿನಲ್ಲಿ ಎಫ್‌ಎಫ್, ಜಿಜಿ ಅಂತ ಎರಡು ಅಕ್ಷರ ಅಚ್ಚಾಗಿರುತ್ತದೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಹಿಡಿತ, ಎರಡನೆಯದು ಕಾದಾಗಿನ ಹಿಡಿತ. ಇ ಗಿಂತ ಎಫ್ ಹೆಚ್ಚು, ಎಫ್‌ಗಿಂತ ಜಿ ಹೆಚ್ಚು. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಕಾದಾಗ ಹಿಡಿತ ಕಡಿಮೆಯಾಗುತ್ತೆ ಅಂತ ಅರ್ಥ. ಹಾಗಂತ ರೇಸ್ ಪ್ಯಾಡ್ ಹಾಕಿಸಬೇಡಿ. ಅದು ಕಾಯುವವರೆಗೆ ಹಿಡಿಯೋದಿಲ್ಲ, ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡುವ ಗಾಡಿಗೆ ಅದು ಬೇಡ.

ಮೂರನೆಯದು ಡಿಸ್ಕ್ ಮತ್ತು ಹೋಸ್. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚೊತ್ತಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಲೇತ್‌ಗೆ ಹಾಕಿ ಒರೆಸೋದು ದುಡ್ಡು ಉಳಿಸಿದ ಹಾಗಲ್ಲ, ಬಿಸಿ ಹಿಡಿದಿಡುವ ಲೋಹವನ್ನೇ ಕಳೆದ ಹಾಗೆ. ಹೊಸದು ಹಾಕಿ. ಭಾರಿ ಗಾಡಿಗೆ ತೂತು ಕೊರೆದ ಡಿಸ್ಕಿಗಿಂತ ಪ್ಲೇನ್ ಅಥವಾ ಗೀರು ಕೊರೆದ ಡಿಸ್ಕ್ ಮೇಲು. ತೂತುಗಳ ಸುತ್ತ ಬಿರುಕು ಹುಟ್ಟುತ್ತದೆ. ಗಾಡಿ ಎತ್ತರಿಸಿದ್ದರೆ ಬ್ರೇಕ್ ಹೋಸ್ ಉದ್ದ ಸಾಲುತ್ತದೆಯೇ ಅಂತ ಚಕ್ರ ಪೂರ್ತಿ ಕೆಳಗೆ ಬಿಟ್ಟು ನೋಡಬೇಕು. ದಿಬ್ಬ ಹಾರಿದಾಗ ಹೋಸ್ ಎಳೆದು ಹರಿದರೆ ಯಾವ ಕ್ಯಾಲಿಪರ್ ಇದ್ದೂ ಉಪಯೋಗ ಇಲ್ಲ. ಲ್ಯಾಂಡ್ ಕ್ರೂಸರ್ 80ರಂಥ ಹಳೇ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಮೇಲಿನ ಭಾರ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ಇದೆ. ಗಾಡಿ ಎತ್ತರಿಸಿದರೆ ಆ ವಾಲ್ವ್ "ಗಾಡಿ ಖಾಲಿ" ಅಂದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತದೆ. ಲಿಫ್ಟ್ ಕಿಟ್ ಹಾಕಿದ ಮೇಲೆ ಅದನ್ನು ಮತ್ತೆ ಹೊಂದಿಸಬೇಕು. ಎಷ್ಟೋ ಗ್ಯಾರೇಜಿನಲ್ಲಿ ಈ ಕೆಲಸ ಬಿಟ್ಟುಹೋಗುತ್ತದೆ.

ಇದಾದ ಮೇಲೆ ದೊಡ್ಡ ಕಿಟ್ ಮಾತು. ಟೊಯೊಟಾ ಕಂಪನಿಯೇ ಲ್ಯಾಂಡ್ ಕ್ರೂಸರ್ 200ರ ಮುಂದಿನ ಡಿಸ್ಕನ್ನು 2015ರ ಪರಿಷ್ಕರಣೆಯಲ್ಲಿ 340 ಮಿಲಿಮೀಟರ್‌ನಿಂದ 354ಕ್ಕೆ ಏರಿಸಿತು. ತಯಾರಕರಿಗೇ ಹೆಚ್ಚು ಬ್ರೇಕ್ ಬೇಕು ಅನಿಸಿತ್ತು ಅಂದಮೇಲೆ ದೊಡ್ಡ ಡಿಸ್ಕ್ ಸುಮ್ಮನೆ ಶೋಕಿ ಅಂತ ಹೇಳಲಾಗದು. ದೊಡ್ಡ ಡಿಸ್ಕ್ ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ, ಬೇಗ ಹೊರಗೆ ಬಿಡುತ್ತದೆ. ಟ್ರೇಲರ್ ಎಳೆಯುವ, ಸದಾ ತುಂಬಿ ಓಡುವ ಗಾಡಿಗೆ ಲಾಭ ಇದೆ.

ಆದರೆ ಮೂರು ಪ್ರಶ್ನೆ ಕೇಳಬೇಕು. ಇದು ನಮ್ಮ ರಿಮ್ ಒಳಗೆ ಹಿಡಿಸುತ್ತದೆಯೇ? ಮರಳಿಗೆ ಹೋಗುವವರು ಗಾಳಿ ಇಳಿಸಿ ಓಡಿಸಲು ಚಿಕ್ಕ ರಿಮ್, ದಪ್ಪ ಟಯರ್ ಇಷ್ಟಪಡುತ್ತಾರೆ. ದೊಡ್ಡ ಬ್ರೇಕ್ ಅದಕ್ಕೆ ಉಲ್ಟಾ, ದೊಡ್ಡ ರಿಮ್ ಕೇಳುತ್ತದೆ. ಕ್ಯಾಲಿಪರ್ ಪಿಸ್ಟನ್‌ಗಳ ಅಳತೆ ಗಾಡಿಯ ಮಾಸ್ಟರ್ ಸಿಲಿಂಡರ್‌ಗೆ ಹೊಂದುತ್ತದೆಯೇ? ಹೊಂದದಿದ್ದರೆ ಪೆಡಲ್ ಉದ್ದಕ್ಕೆ ಹೋಗುತ್ತದೆ. ಮುಂದೆ ಮಾತ್ರ ದೊಡ್ಡದು ಹಾಕಿದರೆ ಹಿಂದಿನ ಮುಂದಿನ ಸಮತೋಲನ, ಎಬಿಎಸ್ ಕೆಲಸ ಸರಿ ಇರುತ್ತದೆಯೇ? ಇದಕ್ಕೆ ಬರಹದಲ್ಲಿ ಉತ್ತರ ಕೊಡದ ಅಂಗಡಿಯಲ್ಲಿ ಕಿಟ್ ತಗೊಳ್ಳಬೇಡಿ.

ಅಸ್ಲಿ, ತಿಜಾರಿ ಮತ್ತು ನಕಲಿ

ಗಲ್ಫ್‌ನ ಬಿಡಿಭಾಗದ ಅಂಗಡಿಯಲ್ಲಿ ಮೊದಲು ಕೇಳೋದೇ ಇದು: ಅಸ್ಲಿ ಬೇಕಾ, ತಿಜಾರಿ ಬೇಕಾ? ವಕಾಲಾದಿಂದ ಬರುವ ಅಸ್ಲಿಗೆ ದುಡ್ಡು ಜಾಸ್ತಿ. ತಿಜಾರಿ ಎಲ್ಲವೂ ಕೆಟ್ಟದ್ದಲ್ಲ. ಹೆಸರಾಂತ ಕಂಪನಿಗಳು ತಮ್ಮದೇ ಹೆಸರಲ್ಲಿ ಮಾಡುವ ಒಳ್ಳೆ ಪ್ಯಾಡ್ ಕೂಡ ಇದರಲ್ಲೇ ಬರುತ್ತದೆ. ಅಪಾಯ ಇರೋದು ಮೂರನೇ ಜಾತಿಯಲ್ಲಿ, ಅಸ್ಲಿಯ ಡಬ್ಬಿಯೊಳಗೆ ಬರುವ ನಕಲಿಯಲ್ಲಿ. ಗೋದಾಮುಗಳ ಮೇಲೆ ದಾಳಿ ಮಾಡಿ ನಕಲಿ ಬಿಡಿಭಾಗ ಹಿಡಿದ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಹೋಲಿಸಿ ನೋಡಲು ಕೆಲವು ದಾರಿ ಇವೆ. ಯುರೋಪಿನ ಆರ್90 ನಿಯಮದ ಗುರುತು ಇರುವ ಪ್ಯಾಡ್, ಮೂಲ ಪ್ಯಾಡಿನ ಹಿಡಿತಕ್ಕಿಂತ ನೂರಕ್ಕೆ 15ಕ್ಕಿಂತ ಹೆಚ್ಚು ಏರುಪೇರು ಇರಬಾರದು ಅಂತ ಪರೀಕ್ಷೆ ಆಗಿರುತ್ತದೆ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಸಂಖ್ಯೆ ಇರುತ್ತದೆ. ಡಬ್ಬಿ ಮೇಲೆ ಇದ್ದರೆ ಸಾಲದು, ಪ್ಯಾಡಿನ ಹಿಂಬದಿಯ ಲೋಹದ ಮೇಲೂ ಇದೆಯೇ ನೋಡಿ. ಅಚ್ಚು ಮಸುಕಾಗಿದ್ದರೆ, ನಾಲ್ಕು ಪ್ಯಾಡಿನ ಬ್ಯಾಚ್ ಸಂಖ್ಯೆ ಬೇರೆ ಬೇರೆ ಇದ್ದರೆ, ರೇಟು ಮಾರುಕಟ್ಟೆಗಿಂತ ಅರ್ಧಕ್ಕರ್ಧ ಕಡಿಮೆ ಇದ್ದರೆ ವಾಪಸ್ ಕೊಡಿ. ಬಿಲ್ಲಿನಲ್ಲಿ ಬರೀ "ಬ್ರೇಕ್ ಪ್ಯಾಡ್" ಅಂತ ಬರೆಸಬೇಡಿ. ಕಂಪನಿ ಹೆಸರು, ಪಾರ್ಟ್ ನಂಬರ್ ಎರಡೂ ಇರಲಿ.

ಕಾನೂನು ಮೊದಲು ಕೇಳೋದು ಯಾರನ್ನು?

ಯುಎಇಯ 2017ರ ಟ್ರಾಫಿಕ್ ನಿಯಮಾವಳಿಯಲ್ಲಿ, ಅನುಮತಿ ಇಲ್ಲದೆ ಗಾಡಿಯ ಎಂಜಿನ್ ಅಥವಾ ಚಾಸಿ ಬದಲಾಯಿಸಿದ್ದಕ್ಕೆ 1,000 ದಿರ್ಹಂ ದಂಡ, 12 ಬ್ಲಾಕ್ ಪಾಯಿಂಟ್, 30 ದಿನ ಗಾಡಿ ಜಪ್ತಿ ಅಂತ ಇದೆ. 24 ಬ್ಲಾಕ್ ಪಾಯಿಂಟ್ ಆದರೆ ಲೈಸೆನ್ಸ್ ಅಮಾನತು. ಅಂದರೆ ಒಂದೇ ಸಲ ಅರ್ಧ ಲೈಸೆನ್ಸ್ ಹೋದಂತೆ. ಚೆಕಿಂಗ್‌ನಲ್ಲಿ ಸ್ಟಿಯರಿಂಗ್ ಹಿಂದೆ ಇರುವವನು ಡ್ರೈವರ್. ದುಡ್ಡು ಅರಬಾಬ್ ಕಟ್ಟಬಹುದು, ಪಾಯಿಂಟ್ ಲೈಸೆನ್ಸ್ ಮೇಲೆ ಕೂತರೆ ಅದನ್ನು ಅವರು ಹೊರಲಾರರು. ಲೈಸೆನ್ಸ್ ಹೋದ ಡ್ರೈವರ್‌ಗೆ ಕೆಲಸ ಉಳಿಯೋದು ಕಷ್ಟ.

ಜೀವಹಾನಿ ಆದರೆ ಮಾತು ಬೇರೆಯೇ. ಯುಎಇಯ ಹೊಸ ಕಾನೂನಿನ ಪ್ರಕಾರ ಅಪಘಾತದಿಂದ ಸಾವಿಗೆ ಕಾರಣನಾದವನಿಗೆ ಜೈಲು, ಕನಿಷ್ಠ 50,000 ದಿರ್ಹಂ ದಂಡ, ಅಥವಾ ಎರಡರಲ್ಲಿ ಒಂದು. ಕೆಂಪು ದೀಪ ದಾಟಿದ್ದು, ಕುಡಿದದ್ದು, ಅಮಾನತಾದ ಲೈಸೆನ್ಸ್‌ನಲ್ಲಿ ಓಡಿಸಿದ್ದು, ನೀರು ಹರಿಯುವ ವಾದಿಗೆ ಗಾಡಿ ಇಳಿಸಿದ್ದು ಸೇರಿದರೆ ಕನಿಷ್ಠ ಒಂದು ವರ್ಷ ಜೈಲು, ಕನಿಷ್ಠ 1 ಲಕ್ಷ ದಿರ್ಹಂ ದಂಡದವರೆಗೆ ಏರುತ್ತದೆ. ಇದಲ್ಲದೆ ದಿಯಾ, ಅಂದರೆ ಸತ್ತವರ ಮನೆಯವರಿಗೆ ಕೊಡುವ ಪರಿಹಾರ. ಕೇಸ್ ಮುಗಿಯುವವರೆಗೆ ದೇಶ ಬಿಡದಂತೆ ಟ್ರಾವೆಲ್ ಬ್ಯಾನ್ ಕೂಡ ಬೀಳಬಹುದು. ತಂಗಿ ಮದುವೆ ಇರಲಿ, ಅಮ್ಮನಿಗೆ ಹುಷಾರಿಲ್ಲದಿರಲಿ, ಊರಿಗೆ ಹೋಗಲಾಗದು. ವಿಮೆ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಗಾಡಿಯಲ್ಲಿ ಮಾಡಿದ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸಿಲ್ಲದಿದ್ದರೆ ಕ್ಲೈಮ್ ಹೊತ್ತಿನಲ್ಲಿ ತಕರಾರು ಅಲ್ಲಿಂದಲೇ ಶುರುವಾಗುತ್ತದೆ.

"ಬ್ರೇಕ್ ಸರಿ ಇಲ್ಲ ಅಂತ ಹೇಳಿದ್ದೆ" ಅನ್ನೋ ಮಾತು ಬಾಯಲ್ಲಿದ್ದರೆ ಪೊಲೀಸ್ ಸ್ಟೇಷನ್‌ನಲ್ಲಿ ನಡೆಯೋದು ಕಷ್ಟ. ಅರೇಬಿಕ್ ಬಾರದಿದ್ದರೆ ಇನ್ನೂ ಕಷ್ಟ. ಆದ್ದರಿಂದ ಬರಹ ಬೇಕು. ಅರಬಾಬ್‌ಗೋ ಮೇಡಂಗೋ ವಾಟ್ಸ್‌ಆ್ಯಪ್‌ನಲ್ಲಿ ಗೌರವದಿಂದಲೇ ಒಂದು ಸಾಲು ಕಳಿಸಿ: ಗಾಡಿಯ ಬ್ರೇಕ್ ಹೀಗೆ ಮಾಡುತ್ತಿದೆ, ಗ್ಯಾರೇಜಿಗೆ ತೋರಿಸಬೇಕು. ಜೊತೆಗೆ ಪ್ಯಾಡಿನದ್ದೋ ವಾರ್ನಿಂಗ್ ಲೈಟಿನದ್ದೋ ಫೋಟೋ. ವಾಯ್ಸ್ ಮೆಸೇಜ್‌ಗಿಂತ ಟೈಪ್ ಮಾಡಿದ್ದು ಮೇಲು, ತಾರೀಖು ಸಮೇತ ಉಳಿಯುತ್ತದೆ. ಇದು ಯಜಮಾನರ ಮೇಲೆ ದೂರಲ್ಲ. ಹೆಚ್ಚಿನ ಮನೆಯವರು ಮಕ್ಕಳು ಕೂರುವ ಗಾಡಿ ಅಂದ ತಕ್ಷಣ ಹೂಂ ಅಂತಾರೆ. ಹೂಂ ಅನ್ನದಿದ್ದರೂ ನೀವು ಹೇಳಿದ್ದಕ್ಕೆ ಸಾಕ್ಷಿ ಉಳಿಯಿತು.

ಒಂದು ಮಾತು ಸ್ಪಷ್ಟವಾಗಿರಲಿ. ಬ್ರೇಕ್ ಪೂರ್ತಿ ಕೆಟ್ಟಿದೆ ಅಂತ ಗೊತ್ತಿದ್ದೂ ಓಡಿಸಿದರೆ ಮೆಸೇಜ್ ನಿಮ್ಮನ್ನು ಉಳಿಸೋದಿಲ್ಲ. ಗೊತ್ತಿದ್ದೂ ಓಡಿಸಿದ್ದಕ್ಕೆ ಅದೇ ಸಾಕ್ಷಿಯಾದೀತು. ಅಂಥ ದಿನ ಕೀ ವಾಪಸ್ ಕೊಡೋದೇ ದಾರಿ. ಹೇಳೋದು ಸುಲಭ, ಮಾಡೋದು ಕಷ್ಟ ಅನ್ನೋದು ನಿಜ. ಯುಎಇಯ ಗೃಹಕಾರ್ಮಿಕರ ಕಾನೂನಿನ ವ್ಯಾಪ್ತಿಯಲ್ಲಿ ಖಾಸಗಿ ಡ್ರೈವರ್ ಕೂಡ ಬರುತ್ತಾನೆ, ದೂರಿಗೆ ದಾರಿ ಇದೆ. ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ದುಬೈನಲ್ಲಿದೆ. ಯುಎಇ ಒಳಗಿಂದ 800 46342ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೇರೆ ದೇಶಗಳಲ್ಲಿ ಇರುವವರು ನಮ್ಮ ರಾಯಭಾರ ಕಚೇರಿಯ ಸಹಾಯವಾಣಿ ನಂಬರನ್ನು ಇವತ್ತೇ ಫೋನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಗ್ಯಾರೇಜಿನಲ್ಲಿ ದುಡಿಯುವವರಿಗೆ

ಸ್ಪ್ಯಾನರ್ ಹಿಡಿದವರ ಕೈಗೂ ಜವಾಬ್ದಾರಿ ಅಂಟಿಕೊಂಡೇ ಇರುತ್ತದೆ. ಗಿರಾಕಿ ಅವಸರ ಮಾಡುತ್ತಾನೆ, ಫೋರ್‌ಮನ್ ಇನ್ನೂ ಅವಸರ ಮಾಡುತ್ತಾನೆ. ಆದರೂ ಕೆಲವು ಬಿಡಬಾರದು. ಕ್ಯಾಲಿಪರ್ ಬೋಲ್ಟ್, ವೀಲ್ ನಟ್ ಎರಡನ್ನೂ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಆಯಿಲ್ ಹಾಕಿದ ಮೇಲೆ ಎಂಜಿನ್ ಆನ್ ಮಾಡಿ ಪೆಡಲ್ ಗಟ್ಟಿ ಇದೆಯೇ ನೋಡದೆ ಗಾಡಿ ಸರಿಸಬೇಡಿ. ಹೊಸ ಪ್ಯಾಡ್ ಡಿಸ್ಕಿಗೆ ಕೂರಬೇಕಾದರೆ ಪ್ಯಾಡ್ ಕಂಪನಿ ಹೇಳಿದ ರೀತಿಯಲ್ಲಿ, ಖಾಲಿ ರಸ್ತೆಯಲ್ಲಿ, ಮಧ್ಯಮ ವೇಗದಿಂದ ಹಲವು ಸಲ ನಿಧಾನಿಸಬೇಕು. ಇದನ್ನು ಮಾಡಿಕೊಡಿ, ಇಲ್ಲ ಗಿರಾಕಿಗೆ ಹೇಳಿ ಜಾಬ್ ಕಾರ್ಡಿನಲ್ಲಿ ಬರೆಯಿರಿ. ಗಿರಾಕಿ ನಿಮ್ಮ ಮಾತು ಮೀರಿ ತೆಳು ಡಿಸ್ಕ್ ಮೇಲೆ ಹೊಸ ಪ್ಯಾಡ್ ಹಾಕಿಸಿದರೆ ಅದನ್ನೂ ಬರೆದು ಸಹಿ ಹಾಕಿಸಿ.

ಇನ್ನೊಂದು ನಿಮ್ಮ ಎದೆಗೆ ಸಂಬಂಧಿಸಿದ್ದು. ಬ್ರೇಕ್ ಧೂಳನ್ನು ಏರ್ ಗನ್‌ನಿಂದ ಊದಬೇಡಿ. ಹಳೇ ಪ್ಯಾಡಿನಲ್ಲಿ, ಎಲ್ಲಿಂದ ಬಂತು ಗೊತ್ತಿಲ್ಲದ ಅಗ್ಗದ ಪ್ಯಾಡಿನಲ್ಲಿ ಆಸ್‌ಬೆಸ್ಟಸ್ ಇರಬಹುದು. ಅದು ಉಸಿರಲ್ಲಿ ಒಳಗೆ ಹೋದರೆ ಇಪ್ಪತ್ತು ಮೂವತ್ತು ವರ್ಷ ಆದಮೇಲೆ, ಊರಿಗೆ ಮರಳಿ ಕೂತಾಗ ಶ್ವಾಸಕೋಶದ ಕಾಯಿಲೆಯಾಗಿ ಎದ್ದೀತು. ಬ್ರೇಕ್ ಕ್ಲೀನರ್ ಸ್ಪ್ರೇ ಅಥವಾ ಒದ್ದೆ ಬಟ್ಟೆ ಬಳಸಿ, ಸರಿಯಾದ ಮಾಸ್ಕ್ ಹಾಕಿ. ಕೆಲಸದ ಬಟ್ಟೆಯನ್ನು ರೂಮಿನ ಉಳಿದ ಬಟ್ಟೆ ಜೊತೆ ಒಗೆಯಬೇಡಿ.

ಕೊನೆಗೆ

ಗಾಡಿ ಮಾರ್ಪಾಡು ಮಾಡೋದು ತಪ್ಪಲ್ಲ. ಬೆಟ್ಟ, ಮರಳು ಎರಡೂ ಇರುವ ನಾಡಿನಲ್ಲಿ ಅದು ಜನರ ಖುಷಿ, ನಮ್ಮ ಎಷ್ಟೋ ಹುಡುಗರಿಗೆ ಅನ್ನ. ಆದರೆ ತೂಕ ಏರಿಸುವ ಪ್ರತಿ ಸಾಮಾನಿನ ಜೊತೆ "ಇದನ್ನು ನಿಲ್ಲಿಸೋದು ಹೇಗೆ" ಅನ್ನೋ ಪ್ರಶ್ನೆ ಕೇಳಬೇಕು. ಈ ಸೀಸನ್ ಗಾಡಿ ಹೊರಡುವ ಮೊದಲು ಮಾಡಬೇಕಾದ್ದು ನಾಲ್ಕೇ: ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ನೋಡಿ, ಪ್ಯಾಡ್ ಮತ್ತು ಡಿಸ್ಕ್ ದಪ್ಪ ಅಳೆಯಿಸಿ, ಬದಲಾವಣೆಗೆ ಅನುಮತಿ ಮತ್ತು ವಿಮೆಯಲ್ಲಿ ನಮೂದು ಇದೆಯೇ ಕೇಳಿ, ಹೇಳಬೇಕಾದ್ದನ್ನು ಬರೆದು ಕಳಿಸಿ.

ಊರಲ್ಲಿರುವ ಮನೆಯವರಿಗೂ ಒಂದು ಮಾತು. ಮಗನೋ ಗಂಡನೋ ಅಲ್ಲಿ ಡ್ರೈವರ್ ಆಗಿದ್ದರೆ ವಾರಕ್ಕೊಮ್ಮೆ ಫೋನಿನಲ್ಲಿ ಊಟ ಆಯ್ತಾ, ದುಡ್ಡು ಕಳಿಸಿದ್ಯಾ ಅಂತ ಕೇಳೋದರ ಜೊತೆ, ಗಾಡಿ ಬ್ರೇಕ್ ಸರಿ ಇದೆಯಾ ಅಂತಾನೂ ಕೇಳಿ. ಅವರು ನಕ್ಕರೂ ಪರವಾಗಿಲ್ಲ. ಮರುದಿನ ಗಾಡಿ ಹತ್ತುವ ಮೊದಲು ಒಮ್ಮೆ ಪೆಡಲ್ ಒತ್ತಿ ನೋಡುತ್ತಾರೆ.